ಹಿಂದಿರುಗುವ ಹೊತ್ತು

ತಿಕೋಟಾದ ದ್ರಾಕ್ಷಿ ಬೆಳೆಗಾರರ ಮಗ ಅವನು. ವಿಜಯಪುರದಲ್ಲಿ ಪದವಿ ಓದುತ್ತಾನೆ. ಗೋಳಗುಮ್ಮಟದ ಮೆಟ್ಟಿಲುಗಳನ್ನು ಓಡುತ್ತಲೇ ಹತ್ತಬಲ್ಲ. ಈಗ 8,849 ಮೀಟರ್ ಎತ್ತರದ ಎವರೆಸ್ಟ್ ಏರುವ ಹುಚ್ಚು. ನೇಪಾಳದ ಪರವಾನಗಿಗೇ 15,000 ಡಾಲರ್. ಮಾರ್ಗದರ್ಶಕರು, ಶೆರ್ಪಾ, ಆಮ್ಲಜನಕದ ಖರ್ಚು ಬೇರೆ.

‘ತೋಟ ಒತ್ತೆ ಇಟ್ಟರಾಯ್ತು’ ಎಂದ.

ಅಪ್ಪ ಸಿಟ್ಟಾಗಲಿಲ್ಲ. ಬಬಲೇಶ್ವರದಲ್ಲಿದ್ದ ಸೋದರಮಾವನ ಬಳಿ ಕಳಿಸಿದರು. ನಿವೃತ್ತ ಮೇಷ್ಟರಾದ ಮಾವ 1996ರ ಮೇ 10ರ ಸಂಗತಿ ಹೇಳಿದರು. ಅಂದು ಮಧ್ಯಾಹ್ನ 2 ಗಂಟೆಯೊಳಗೆ ಶಿಖರ ಮುಟ್ಟದವರು ಹಿಂದಿರುಗಬೇಕಿತ್ತು. ಕೆಲವರು ಮುಂದೆಯೇ ಹೋದರು. ಸಂಜೆ ಹಿಮದ ಬಿರುಗಾಳಿ ಎದ್ದಿತು. ಉತ್ತರ ಬದಿಯಿಂದ ಏರಿದ್ದ ಮೂವರು ಭಾರತೀಯರೂ ಸೇರಿ ಎಂಟು ಜನ ಸತ್ತರು. ಹಣ ಪಡೆದು ತಂಡ ಕರೆದೊಯ್ದಿದ್ದ ನುರಿತ ನಾಯಕರಾದ ರಾಬ್ ಹಾಲ್, ಸ್ಕಾಟ್ ಫಿಶರ್ ಇಬ್ಬರೂ ಉಳಿಯಲಿಲ್ಲ.

‘ದುಡ್ಡು ಸುರಿದು ಬಂದವರಿಗೇ ಹಿಂದಿರುಗುವುದು ಕಷ್ಟ. ಅಪ್ಪನ ತೋಟ ಒತ್ತೆಯಿಟ್ಟು ಹೋದವನು ಹಿಂದಿರುಗುತ್ತಾನೇನಪ್ಪಾ?’

ಹುಡುಗ ಉತ್ತರಿಸಲಿಲ್ಲ. ಮರುವಾರ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ಪ್ರಾಥಮಿಕ ತರಬೇತಿಗೆ ಅರ್ಜಿ ಹಾಕಿದ. ಅದಕ್ಕೂ ಮೊದಲು ಬಾದಾಮಿಯ ಬಂಡೆಗಳ ಮೇಲೆ ಹಗ್ಗ ಹಿಡಿದು ಹತ್ತಲು, ಮುಖ್ಯವಾಗಿ ಇಳಿಯಲು ಕಲಿಯುತ್ತಿದ್ದಾನೆ.

ಒಣದ್ರಾಕ್ಷಿ ಮಾರಿದ ದುಡ್ಡಿನಲ್ಲಿ ಅಪ್ಪ ಬೂಟು ಕೊಡಿಸಿದ್ದಾರೆ. ತೋಟ ಅವರ ಹೆಸರಿನಲ್ಲೇ ಇದೆ.