ನೂರಕ್ಕೆ ನೂರಾ ಅರವತ್ತು

ಸಹಕಾರನಗರದಲ್ಲಿ ಬೆಳಗಿನ ವಾಕಿಂಗಿಗೆ ಹೊರಡುವ ನಿವೃತ್ತರಲ್ಲಿ ಅರ್ಧ ಜನಕ್ಕೆ ಡಾಲರಿನ ದರ ಬಾಯಿಪಾಠ. ಮಗನೋ ಮಗಳೋ ಅಮೆರಿಕದಲ್ಲಿದ್ದಾರಲ್ಲ! ರೂಪಾಯಿ ಬಿದ್ದ ದಿನ ದೇಶಕ್ಕಾಗಿ ಮರುಗುತ್ತಾರೆ, ಮನೆಗಾಗಿ ಒಳಗೊಳಗೇ ಹಿಗ್ಗುತ್ತಾರೆ.

ವಿದೇಶಿ ವಿನಿಮಯದ ವ್ಯವಹಾರಸ್ಥನೊಬ್ಬ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲೂ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ಅವನನ್ನು ಮಾತ್ರ ಯಾರೂ ದರ ಕೇಳುವುದಿಲ್ಲ. ನೇಪಾಳದ ಪಾಲ್ಪಾ ಜಿಲ್ಲೆಯ ಹುಡುಗ, ನಮ್ಮ ಸೆಕ್ಯುರಿಟಿ. ಒಂದು ದಿನ ನಾನೇ ಕೇಳಿದೆ.

"ನಿಮ್ದು ನೂರು, ನಮ್ದು ನೂರಾ ಅರವತ್ತು ಸಾರ್. ಯಾವಾಗ್ಲೂ ಅಷ್ಟೇ," ಎಂದವನೇ ಪರ್ಸಿನ ಒಳಜೇಬಿನಿಂದ ನೋಟೊಂದನ್ನು ತೆಗೆದು ತೋರಿಸಿದ. ನೇಪಾಳದ ನೂರು ರೂಪಾಯಿ. ಅದರ ಮೇಲೆ ಒಂಟಿ ಕೊಂಬಿನ ಘೇಂಡಾಮೃಗ. ಮಡಿಕೆ ಬಿದ್ದು ಬಿದ್ದು ಅದರ ಬೆನ್ನಿನ ಮೇಲೊಂದು ಬಿಳಿ ಗೆರೆ. ನಮ್ಮ ಲೆಕ್ಕದಲ್ಲಿ ಆ ಪ್ರಾಣಿಗೆ ಅರವತ್ತೆರಡೂವರೆ ರೂಪಾಯಿ. ದರ್ಶಿನಿಯಲ್ಲಿ ಇಡ್ಲಿ-ವಡೆಗೆ ತೊಂದರೆಯಿಲ್ಲ, ಮಸಾಲೆದೋಸೆಗಾದರೆ ಬೆಲೆಪಟ್ಟಿ ನೋಡಿಕೊಂಡೇ ಕೇಳಬೇಕು.

ಅವನ "ಯಾವಾಗ್ಲೂ" ಅವನ ವಯಸ್ಸಿನಷ್ಟು ಉದ್ದದ್ದು. ಈ ದರ ನಿಂತದ್ದು 1993ರ ಫೆಬ್ರವರಿಯಲ್ಲಿ. ಆಗ ಅವನಿನ್ನೂ ಹುಟ್ಟಿರಲಿಲ್ಲ. ಅವನ ಅಜ್ಜನ ಕಾಲದ ಕಥೆಯೇ ಬೇರೆ. ನೇಪಾಳದ ದಕ್ಷಿಣದ ಬಯಲುಸೀಮೆ ತರಾಯಿಯ ಸಂತೆಗಳಲ್ಲಿ ಆಗ ನಮ್ಮ ರೂಪಾಯಿಯೇ ಧಾರಾಳವಾಗಿ ಓಡಾಡುತ್ತಿತ್ತು. ನೇಪಾಳಿ ರೂಪಾಯಿಯ ಬೆಲೆಯನ್ನು ಪೇಟೆಯೇ ಏರಿಸಿ ಇಳಿಸುತ್ತಿತ್ತು. 1956ರಲ್ಲಿ ನೇಪಾಳ ರಾಷ್ಟ್ರ ಬ್ಯಾಂಕ್ ಹುಟ್ಟಿತು. 1960ರಲ್ಲಿ ನೂರಕ್ಕೆ ನೂರಾ ಅರವತ್ತೆಂದು ದರ ಕಟ್ಟಿದರು.

1966ರ ಜೂನ್ 6ರಂದು ನಮ್ಮ ಸರ್ಕಾರ ರೂಪಾಯಿಯ ಬೆಲೆ ಇಳಿಸಿತು. 4.76 ರೂಪಾಯಿಗೆ ಸಿಗುತ್ತಿದ್ದ ಡಾಲರು 7.50 ಆಯಿತು. ನೇಪಾಳ ಜೊತೆಗೆ ಇಳಿಯಲಿಲ್ಲ. ಪರಿಣಾಮ, ನಮ್ಮ ನೂರು ರೂಪಾಯಿಗೆ ಅಲ್ಲಿ ಸಿಗತೊಡಗಿದ್ದು ನೂರಾ ಒಂದು ರೂಪಾಯಿ ಚಿಲ್ಲರೆ. ಮುಂಬಯಿಯಲ್ಲೋ ಕಲ್ಕತ್ತೆಯಲ್ಲೋ ರಾತ್ರಿ ಕಾವಲು ಕಾಯುತ್ತಿದ್ದ ನೇಪಾಳಿಯ ಸಂಬಳ ಅಷ್ಟೇ ಇತ್ತು. ಮನೆಗೆ ಮುಟ್ಟುವುದರಲ್ಲಿ ಮಾತ್ರ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕರಗಿತ್ತು. ಮರುವರ್ಷದ ಡಿಸೆಂಬರಿನಲ್ಲಿ ನೇಪಾಳವೂ ತನ್ನ ಹಣದ ಬೆಲೆ ಇಳಿಸಿತು, ದರ 135ಕ್ಕೆ ಬಂತು. ಆಮೇಲೆ 139, 145. ಎಂಬತ್ತರ ದಶಕದಲ್ಲಿ 160ನ್ನೂ ದಾಟಿ ಹೋಗಿ, ಕೊನೆಗೆ ಹೊರಟ ಜಾಗಕ್ಕೇ, ಅದೇ 160ಕ್ಕೆ, ಬಂದು ಕೂತಿತು.

ಈ ಲೆಕ್ಕ ನನಗೆ ಹೊಸದೇನೂ ಅಲ್ಲ. ನಮ್ಮಜ್ಜ ರಾಯಚೂರಿನ ಕಡೆಯವರು, ಹತ್ತಿಯ ದಲ್ಲಾಳಿ. ನಿಜಾಮರ ಸೀಮೆಯಲ್ಲಿ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ; ನದಿ ದಾಟಿ ಮದ್ರಾಸ್ ಪ್ರಾಂತ್ಯದ ಆದವಾನಿಗೆ ಹೋದರೆ ಇಂಗ್ಲಿಷರ ಕಲ್ದಾರ್ ರೂಪಾಯಿ. ಏಳು ಹಾಲಿಗೆ ಆರು ಕಲ್ದಾರ್. ಅಜ್ಜನ ಹತ್ತಿರ ಎರಡು ಚೀಲಗಳಿದ್ದವಂತೆ, ಒಂದರ ದುಡ್ಡು ಇನ್ನೊಂದಕ್ಕೆ ಬೆರೆಯುವಂತಿರಲಿಲ್ಲ. ಹಾಲಿ ನೋಟಿನ ಮೇಲೆ ಉರ್ದುವಿನ ಜೊತೆಗೆ ಕನ್ನಡದಲ್ಲೂ ಮೊತ್ತ ಬರೆದಿರುತ್ತಿತ್ತು. ಹೈದರಾಬಾದ್ ಭಾರತಕ್ಕೆ ಸೇರಿದ ಮೇಲೆ, ಐವತ್ತರ ದಶಕದಲ್ಲಿ, ಹಾಲಿ ಸಿಕ್ಕಾ ಚಲಾವಣೆಯಿಂದ ಹೋಯಿತು. ಅಜ್ಜನ ಎರಡು ಚೀಲ ಒಂದಾದವು. ನಮ್ಮ ಸೆಕ್ಯುರಿಟಿಯ ಎರಡು ಚೀಲ ಹಾಗೇ ಉಳಿದಿವೆ.

ಊರಿಗೆ ಹೋಗುವಾಗ ಅವನು ಯಶವಂತಪುರದಲ್ಲಿ ಗೋರಖಪುರದ ರೈಲು ಹತ್ತುತ್ತಾನೆ. ಅಲ್ಲಿಂದ ಬಸ್ಸಿನಲ್ಲಿ ಸುನೌಲಿ ಗಡಿ, ಗಡಿ ದಾಟಿ ಬುಟ್ವಲ್, ಆಮೇಲೆ ಬೆಟ್ಟದ ದಾರಿ. ಭಾರತ-ನೇಪಾಳದ 1950ರ ಒಪ್ಪಂದದ ದೆಸೆಯಿಂದ ವೀಸಾ ಬೇಕಿಲ್ಲ. ಆದರೆ ನೋಟಿಗೆ ಮನುಷ್ಯನಷ್ಟು ಸಲೀಸಾಗಿರಲಿಲ್ಲ. 2016ರ ನವೆಂಬರಿನಲ್ಲಿ ನಮ್ಮ ಹಳೆಯ ಐನೂರು, ಸಾವಿರದ ನೋಟು ರದ್ದಾದಾಗ ಅವನಪ್ಪನ ಪೆಟ್ಟಿಗೆಯಲ್ಲೂ ಕೆಲವು ಇದ್ದವು. ನಾವು ಬ್ಯಾಂಕಿನ ಮುಂದೆ ಕ್ಯೂ ನಿಂತು ಗೊಣಗಿದೆವು. ಅವರಿಗೆ ನಿಲ್ಲಲು ಕ್ಯೂ ಕೂಡ ಇರಲಿಲ್ಲ. 2018ರ ಡಿಸೆಂಬರಿನಲ್ಲಿ ನೇಪಾಳ ಸರ್ಕಾರ ನಮ್ಮ ನೂರಕ್ಕಿಂತ ದೊಡ್ಡ ನೋಟುಗಳನ್ನೇ ಬೇಡವೆಂದಿತು. ಈಗ ಅವನು ತಿಂಗಳ ಮೊದಲ ವಾರ ಕೋಡಿಗೇಹಳ್ಳಿಯ ಅಂಗಡಿಯೊಂದರಿಂದ ಹಣ ಕಳಿಸುತ್ತಾನೆ. ಚೀಟಿಯಲ್ಲಿ ಎರಡು ಸಾಲು: ಐಸಿ (ಇಂಡಿಯನ್ ಕರೆನ್ಸಿ) 10,000, ಎನ್‌ಸಿ (ನೇಪಾಳಿ ಕರೆನ್ಸಿ) 16,000. ಅದರ ಫೋಟೊ ಹೆಂಡತಿಯ ವಾಟ್ಸಾಪಿಗೆ.

ದರ ಅಲುಗದಿರುವುದು ಒಳ್ಳೆಯದೇ. ಹೆಂಡತಿ ಸಾಲದ ಕಂತನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಬಹುದು. ಆದರೆ ನೇಪಾಳಿ ರೂಪಾಯಿ ಗಾಡಿಯ ಹಿಂದೆ ಕಟ್ಟಿದ ಕರು. ಗಾಡಿ ಇಳಿಜಾರಿಗೆ ಹೊರಳಿದರೆ ಅದೂ ಇಳಿಯಲೇಬೇಕು. 1993ರಲ್ಲಿ ಡಾಲರಿಗೆ ನಮ್ಮದು 31ರ ಆಸುಪಾಸಿನಲ್ಲಿತ್ತು, 2024ರ ಡಿಸೆಂಬರಿನಲ್ಲಿ 85 ದಾಟಿತು. ನೇಪಾಳದ್ದು ತಾನೇ ತಾನಾಗಿ 136 ದಾಟಿತು. ಅವನ ಚಿಕ್ಕಪ್ಪನ ಮಗ ಕತಾರಿನಲ್ಲಿದ್ದಾನೆ. ಕತಾರಿನ ರಿಯಾಲು ಡಾಲರಿಗೆ ಕಟ್ಟಿದ್ದು. ಹಾಗಾಗಿ ನಮ್ಮ ರೂಪಾಯಿ ಬಿದ್ದಷ್ಟೂ, ಯಾರನ್ನೂ ಕೇಳದೆ, ಊರಿಗೆ ಅವನು ಕಳಿಸುವ ಹಣ ಏರುತ್ತದೆ. ಬೆಂಗಳೂರಿನವನಿಗೆ ಆ ಯೋಗವಿಲ್ಲ. ರೂಪಾಯಿ ಏಳಲಿ, ಬೀಳಲಿ, ಅವನ ಹತ್ತು ಸಾವಿರಕ್ಕೆ ಹದಿನಾರೇ ಸಾವಿರ. ಎಣ್ಣೆ, ಗ್ಯಾಸಿನ ಬೆಲೆ ಮಾತ್ರ ಎರಡೂ ದೇಶಗಳಲ್ಲಿ ಏರುತ್ತದೆ.

ಅಂದರೆ ಅವನ ಮನೆಗೆ ಹದಿನಾರು ಸಾವಿರ ಹದಿನೆಂಟಾಗುವಂತೆ ಮಾಡುವ ಅಧಿಕಾರ ರಿಸರ್ವ್ ಬ್ಯಾಂಕಿಗಿಲ್ಲ, ಕಠ್ಮಂಡುವಿನ ರಾಷ್ಟ್ರ ಬ್ಯಾಂಕು ದರ ಬದಲಿಸುವಂತೆ ಕಾಣುವುದಿಲ್ಲ. ಉಳಿದಂತೆ ಆ ಅಧಿಕಾರವಿರುವುದು ನಮ್ಮ ಅಪಾರ್ಟ್‌ಮೆಂಟ್ ಸಂಘದ ಸರ್ವಸದಸ್ಯರ ಸಭೆಗೆ. ಕಳೆದ ಸಭೆಯಲ್ಲಿ ಲಿಫ್ಟಿಗೆ ಹೊಸ ಕನ್ನಡಿ, ಗೇಟಿಗೆ ಇನ್ನೆರಡು ಕ್ಯಾಮರಾ ಮಂಜೂರಾದವು. ಸೆಕ್ಯುರಿಟಿಯ ಸಂಬಳದ ಮಾತೆತ್ತಿದಾಗ ಖಜಾಂಚಿಯವರು ಕನ್ನಡಕ ತೆಗೆದು, "ಅವರಿಗೇನ್ರೀ, ಅವರ ದೇಶದಲ್ಲಿ ಒಂದಕ್ಕೆ ಒಂದೂವರೆಗಿಂತ ಜಾಸ್ತಿ ಸಿಗುತ್ತಲ್ಲ," ಎಂದರು. ಆ ದರ ಮೂರು ದಶಕದಿಂದ ಹಾಗೇ ಇದೆ ಎಂದು ನಾನು ಹೇಳಿದೆ. "ನೋಡಿ ಮತ್ತೆ," ಎಂದರು ಅವರು, "ಅವರ ಸರ್ಕಾರಾನೇ ಏರಿಸಿಲ್ಲ, ನಾವ್ಯಾಕೆ ಏರಿಸ್ಬೇಕು?"