ಮೂಲೆಯ ಅಕ್ಷರವೂ ಓದಲು ಬರಬೇಕು

ಹಿಂದಿನದೆಲ್ಲ ಮಸುಕಾಗಿ, ಮುಖ ಮಾತ್ರ ಕಂಡರೆ ಅದೇ ಒಳ್ಳೆಯ ಫೋಟೋ ಎಂಬ ನಂಬಿಕೆ ನಮ್ಮೂರಲ್ಲಿದೆ. ಅದಕ್ಕೇ ಹುಡುಗರ ಕೈಗೆ ಕ್ಯಾಮೆರಾ ಸಿಕ್ಕರೆ ಮೊದಲು ಅಪರ್ಚರ್ ಪೂರ್ತಿ ತೆರೆಯುತ್ತಾರೆ. ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ಹೋಗುವ ಕಿಂಡಿ. ನಂಬರು ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ನನ್ನ 50 ಎಂಎಂ ಲೆನ್ಸಿನಲ್ಲಿ ಎಫ್/1.8 ಅಂದರೆ ಸುಮಾರು 28 ಮಿಲಿಮೀಟರ್ ಅಗಲದ ಕಿಂಡಿ. ಎಫ್/8ಕ್ಕೆ ಅದು 6 ಮಿಲಿಮೀಟರ್ ಚಿಲ್ಲರೆ, ಎಫ್/22ಕ್ಕೆ ಬರೀ 2 ಚಿಲ್ಲರೆ.

ಇವುಗಳಲ್ಲಿ ಯಾವುದು ಹೆಚ್ಚು ಸ್ಪಷ್ಟ? ಗೋಡೆಗೆ ದಿನಪತ್ರಿಕೆ ಅಂಟಿಸಿ, ಕ್ಯಾಮೆರಾ ಸ್ಟ್ಯಾಂಡಿಗೆ ಹಾಕಿ ಒಂದೊಂದರಲ್ಲೂ ತೆಗೆದು ನೋಡಿದೆ. ಎಫ್/1.8ರಲ್ಲಿ ನಡುವಿನ ಸುದ್ದಿ ಓದಬಹುದಿತ್ತು, ಮೂಲೆಯ ಅಕ್ಷರ ಕದಡಿದಂತಿತ್ತು. ಎಫ್/8ರಲ್ಲಿ ಮೂಲೆಯ ಅಡಿಕೆ ಧಾರಣೆಯೂ ಓದಲು ಬಂತು. ಎಫ್/22ಕ್ಕೆ ಹೋದರೆ ಇಡೀ ಪುಟವೇ ಮತ್ತೆ ತುಸು ಮಸುಕು.

ಕಾರಣ ಇಷ್ಟೇ. ಕಿಂಡಿ ಪೂರ್ತಿ ತೆರೆದಾಗ ಗಾಜಿನ ಅಂಚಿನಿಂದ ಬಂದ ಬೆಳಕು, ನಡುವಿನಿಂದ ಬಂದ ಬೆಳಕಿನ ಜೊತೆ ಒಂದೇ ಬಿಂದುವಿನಲ್ಲಿ ಸರಿಯಾಗಿ ಸೇರುವುದಿಲ್ಲ. ತೀರಾ ಕಿರಿದು ಮಾಡಿದರೆ ಬೆಳಕೇ ಹರಡಿಕೊಳ್ಳುತ್ತದೆ. ಕೆರೆಯ ಅಲೆ ಎರಡು ಕಲ್ಲುಗಳ ಸಂದಿಯಲ್ಲಿ ನುಸುಳಿದ ಮೇಲೆ ಬೀಸಣಿಗೆಯಂತೆ ಅಗಲವಾಗುತ್ತದಲ್ಲ, ಹಾಗೆ. ಹೆಚ್ಚಿನ ಲೆನ್ಸುಗಳಿಗೆ ಎಫ್/5.6ರಿಂದ ಎಫ್/8ರ ಆಸುಪಾಸಿನಲ್ಲೇ ಹದ.

ಈ ಲೆಕ್ಕ ಕೆಲಸಕ್ಕೆ ಬಂದದ್ದು ಪಕ್ಕದ ಮನೆಯ ಅಜ್ಜಿ ತಮ್ಮ ಹಕ್ಕುಪತ್ರ ತಂದಾಗ. ಮಡಿಕೆಗಳಲ್ಲಿ ಹರಿದಿತ್ತು, ಒಂದು ಅಂಚನ್ನು ಗೆದ್ದಲು ತಿಂದಿತ್ತು. ಸರ್ವೆ ನಂಬರು ಮೇಲಿನ ಮೂಲೆಯಲ್ಲಿ, ಮೊಹರು ಕೆಳಗಿನ ಮೂಲೆಯಲ್ಲಿ. "ಇದೂ ಹೋದ್ರೆ ನನ್ಹತ್ರ ಇನ್ನೇನೈತಪ್ಪಾ" ಅಂದರು. ಎಫ್/8ರಲ್ಲಿ ಒಳಬರುವ ಬೆಳಕು ಎಫ್/1.8ಕ್ಕಿಂತ ಸುಮಾರು 20 ಪಟ್ಟು ಕಡಿಮೆ. ಹಾಗಾಗಿ ಕತ್ತಲೆಯ ಪಡಸಾಲೆ ಬಿಟ್ಟು ಜಗಲಿಯ ನೆರಳಿಗೆ ಬಂದೆವು. ಹಲಗೆಯ ಮೇಲೆ ಪತ್ರ ಸಪಾಟಾಗಿ ಹರಡಿ, ಸ್ಟ್ಯಾಂಡ್ ಹಾಕಿ ತೆಗೆದೆ. ಎರಡೂ ಮೂಲೆ ಓದಲು ಬಂದವು. ಫೋಟೋ ಮೂಲ ಪತ್ರಕ್ಕೆ ಸಮವಲ್ಲ. ಆದರೆ ನಾಳೆ ಕಚೇರಿಯಲ್ಲಿ ನಕಲು ಕೇಳುವಾಗ ನಂಬರಾದರೂ ಕೈಯಲ್ಲಿರುತ್ತದೆ.

ಹೆಚ್ಚಿನ ಮೊಬೈಲುಗಳಲ್ಲಿ ಈ ಕಿಂಡಿ ಬದಲಾಯಿಸಲು ಬರುವುದಿಲ್ಲ. ಹಾಗಂತ ಕೈಚೆಲ್ಲಬೇಡಿ. ಲೆನ್ಸನ್ನು ಹತ್ತಿ ಬಟ್ಟೆಯಲ್ಲಿ ಒರೆಸಿ. ಜೂಮ್ ಮಾಡಬೇಡಿ. ಹಗಲ ಬೆಳಕಿನಲ್ಲಿ ಪತ್ರವನ್ನು ಪರದೆಯ ನಡುವೆ ಬರುವಂತೆ ಹಿಡಿಯಿರಿ, ದೊಡ್ಡದಿದ್ದರೆ ಭಾಗ ಭಾಗವಾಗಿ ತೆಗೆಯಿರಿ. ತೆಗೆದ ಮೇಲೆ ನಾಲ್ಕೂ ಮೂಲೆ ದೊಡ್ಡದು ಮಾಡಿ ಓದಿ ನೋಡಿ. ಪತ್ರ ಮಡಚುವುದು ಆಮೇಲೆ.