ಕವಡೆಯ ಕಾನೂನು

ಚೌಕಾಬಾರಕ್ಕೆ 25 ಮನೆ, 4 ಕವಡೆ. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ಬೋರಲಾದರೆ ಎಂಟು. ಇಷ್ಟಕ್ಕೆ ಯಾರ ತಕರಾರೂ ಇಲ್ಲ. ಆದರೆ ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗಕೂಡದೆಂಬುದು ನಮ್ಮ ಅಜ್ಜಿಯ ಶಾಸನ. ಗೌರಿಹಬ್ಬಕ್ಕೆ ತವರಿಗೆ ಬಂದ ಸೋದರತ್ತೆ, “ನಮ್ಮಲ್ಲಿ ಹಾಗಿಲ್ಲಮ್ಮ” ಎಂದುಬಿಟ್ಟರು. ‘ನಮ್ಮಲ್ಲಿ’ ಎಂದರೆ ಕೊಟ್ಟ ಮನೆ! ಅಜ್ಜಿ ಕವಡೆ ಕೆಳಗಿಟ್ಟು ಎದ್ದುಹೋದರು. ಆ ರಾತ್ರಿ ಊಟವನ್ನೂ ಮಾಡಲಿಲ್ಲ.

ನಮ್ಮ ಹಳೆಯ ಚದುರಂಗದಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಮನೆ. ಪಾಶ್ಚಾತ್ಯರಲ್ಲಿ ಎರಡು ಉಂಟು. ನಮ್ಮದನ್ನು ಆಡಿ ಬೆಳೆದ ಮೀರ್ ಸುಲ್ತಾನ್ ಖಾನರು ಅವರದನ್ನೂ ಕಲಿತು 1929ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಅಜ್ಜಿಗೆ ಇದನ್ನು ಹೇಳಿದೆ. “ಅವನಿಗೆ ತನ್ನ ಮನೆಯ ಆಟ ಮರೆತುಹೋಯಿತೇ?” ಎಂದರು.

ದೀಪಾವಳಿಗೆ ಅತ್ತೆ ಬಂದರು. ಅಜ್ಜಿಯೇ ಸೀಮೆಸುಣ್ಣದಲ್ಲಿ ಮನೆ ಬರೆದು, ಕವಡೆ ಮುಂದಿಟ್ಟು ಕೇಳಿದರು: “ಈ ಸಲ ಯಾವ ಮನೆಯ ಕಾನೂನೇ?”